ಬರೋರು ಅವ್ರಾ?

ಚಟ್ಟದ ಕೊನೆಯ ಗಂಟು ಬಿಗಿದು ಜಯಲಕ್ಷ್ಮಮ್ಮನ ಅಣ್ಣನ ಮಗ ಕೀರ್ತಿರಾಜ್ ಎದ್ದು ನಿಂತ. “ಅತ್ತೆ, ಮೂರಕ್ಕೆ ರಾಹುಕಾಲ. ಮಾವನ ಅಕ್ಕ ಅರಕಲಗೂಡಿಂದ ಇನ್ನೂ ಬಂದಿಲ್ಲ. ಕಾಯಾನಾ?”

ಜಯಲಕ್ಷ್ಮಮ್ಮ ಕೈಯಲ್ಲಿದ್ದ, ತೀರಿಹೋದ ಗಂಡನ ಗಡಿಯಾರ ನೋಡಿದಳು. ಎರಡೂ ನಲವತ್ತು. “ಟೈಮ್ ಅಂದ್ರೆ ಟೈಮ್ ಅಂತಿದ್ರಲ್ಲ ನಿಮ್ಮಾವ. ಟೈಮಿಗೇ ಎತ್ರಪ್ಪಾ.”

ಆಡಿದ ಮಾತು ಅವಳಿಗೇ ಕಹಿಯಾಯಿತು. ಆದರೂ ಹಿಂತೆಗೆದುಕೊಳ್ಳಲಿಲ್ಲ.

*

ಇಪ್ಪತ್ತಾರು ವರ್ಷದ ಹಿಂದಿನ ಮಾತು. ಗಂಡ ಪುಟ್ಟಸ್ವಾಮಿ ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಅವನು ವಿಷಲ್ ಊದಿದ ಮೇಲೆ ಬಸ್ಸು ಯಾರಪ್ಪನಿಗೂ ನಿಲ್ಲುತ್ತಿರಲಿಲ್ಲ. ತವರಿನಲ್ಲಿ ಅಪ್ಪ ತೀರಿಕೊಂಡ ಸುದ್ದಿ ಕೇಳಿ ಜಯಲಕ್ಷ್ಮಮ್ಮ ಉಟ್ಟ ಸೀರೆಯಲ್ಲೇ ಓಡಿಬಂದಾಗ ಅರಕಲಗೂಡಿನ ಬಸ್ಸು ಗೇಟು ದಾಟುತ್ತಿತ್ತು. “ನಿಲ್ಸಿ, ಅಪ್ಪ ಓಗ್ಬುಟ್ರು!” ಎಂದು ಕೂಗಿದಳು. ಗಂಡ ಗಡಿಯಾರ ತೋರಿಸಿದ. “ಎಲ್ರಿಗೂ ಒಂದೇ ರೂಲು ಕಣೆ. ಮುಂದಿನ ಬಸ್ಸಿಗೋಗು.”

ಮುಂದಿನ ಬಸ್ಸು ಮುಟ್ಟುವಷ್ಟರಲ್ಲಿ ಅಪ್ಪನನ್ನು ಮಣ್ಣು ಮಾಡಿಯಾಗಿತ್ತು. ಅಲ್ಲಿಂದಾಚೆ ಅವಳು ಅನ್ನ ಬಡಿಸಿದಳು, ಬಟ್ಟೆ ಒಗೆದಳು, ಮಾತು ಮಾತ್ರ ಲೆಕ್ಕದಲ್ಲಿ ಆಡಿದಳು. ಬಸ್ ಸ್ಟ್ಯಾಂಡಿನ ಕಡೆ ತಲೆ ಹಾಕಲಿಲ್ಲ. ಮಕ್ಕಳಿಲ್ಲದ ಮನೆಯಲ್ಲಿ ಆ ಗಡಿಯಾರದ ಸದ್ದೇ ಜೋರಾಗಿತ್ತು.

*

ಜಗಲಿಯಲ್ಲಿ ಕುಳಿತಿದ್ದ ಹಳೆಯ ಡ್ರೈವರ್ ರಂಗಸ್ವಾಮಿ ಹತ್ತಿರ ಬಂದ.

“ಟೈಮಿಗೆ ಅಂದ್ರಲ್ಲ ಅಕ್ಕಾ. ನಿಮ್ಮಪ್ಪ ಓದ ದಿನದಿಂದ ಅವ್ನು ನನ್ ಬಸ್ಸ ಟೈಮಿಗೆ ಬಿಟ್ಟೋನೇ ಅಲ್ಲ. ರೋಡಿನ ಮಧ್ಯ ನಿಂತ್ಕಂಡು, ಎರಡೂ ಕಡೆ ನೋಡಿ, ‘ಬರೋರು ಅವ್ರಾ?’ ಅಂತ ಕೂಗಿ, ಇನ್ಯಾರೂ ಇಲ್ಲ ಅಂತ ಗೊತ್ತಾದ್ ಮ್ಯಾಕೇ ವಿಷಲ್ಲು. ಮೇಲಿನೋರು ಮೆಮೊ ಕೊಟ್ರೂ ಬಿಡ್ಲಿಲ್ಲ.”

“ನಂಗೊಂದ್ ಮಾತು ಯೋಳ್ಲಿಲ್ವಲ್ಲ?”

“ಯೋಳಕ್ಕೆ ಮೊಕ ಇಲ್ಲ ಕಣ್ಲಾ ಅಂತಿದ್ದ.”

ಊರವರಿಗೆಲ್ಲ ಕಾದವನು ತನಗೊಂದು ಮಾತು ಹೇಳಬಾರದಿತ್ತೇ!

ನಾಲ್ವರು ಹೆಗಲು ಕೊಡಲು ಬಗ್ಗಿದರು.

“ತಡೀರಪ್ಪಾ!”

“ರಾಹುಕಾಲ ಬಂದ್ಬುಡ್ತದೆ ಅತ್ತೆ!”

“ಬರ್ಲಿ.”

ಬರಿಗಾಲಲ್ಲಿ ಬೀದಿಗಿಳಿದು, ನಡುಮಧ್ಯೆ ನಿಂತು, ಆ ಕಡೆ ಈ ಕಡೆ ನೋಡಿದಳು. “ಬರೋರು ಅವ್ರಾ?” ಎಂದು ಕೂಗಿದಳು. ಬೀದಿ ಖಾಲಿ. ಮೂರಾಯಿತು. ಮೂರೂ ಹತ್ತಾಯಿತು. ಹಿಂದೆ ಜನ ಗೊಣಗತೊಡಗಿದರು. ಅವಳು ಕದಲಲಿಲ್ಲ.

ಆಗ ತಿರುವಿನಲ್ಲಿ ಮುದುಕಿಯೊಬ್ಬಳು ಚಪ್ಪಲಿ ಕೈಯಲ್ಲಿ ಹಿಡಿದು ಏದುಸಿರು ಬಿಡುತ್ತ ಓಡಿಬಂದಳು, ಗಂಡನ ಅಕ್ಕ.

“ಒತ್ತಾಗೋಯ್ತಾ ಜಯಾ?”

“ಇಲ್ಲ ಅಕ್ಕಾ, ನಿಧಾನ ಬಾ,” ಎಂದು ಜಯಲಕ್ಷ್ಮಮ್ಮ ಗಡಿಯಾರವನ್ನು ಸೆರಗಿನೊಳಗೆ ಮುಚ್ಚಿಕೊಂಡಳು.