ನಾಲ್ಕನೇ ತಾಟು

ದತ್ತು ಕೊಡುವ ಮುನ್ನ ಮನೆ ನೋಡಲು ಸೊಲ್ಲಾಪುರದಿಂದ ಸಾಯಲಿ ತಡವಳಕ್ಕೆ ಬಂದಿದ್ದಳು. ಅವಳ ವರದಿ ಒಪ್ಪಿದರಷ್ಟೇ ನಿಂಗಣ್ಣ, ಇಂದುಬಾಯಿ ದಂಪತಿಗೆ ಕೂಸು. ವರದಿಯ ನಮೂನೆಯಲ್ಲಿ ‘ಮನೆಯಲ್ಲಿ ಎಷ್ಟು ಮಂದಿ?’ ಎಂಬಲ್ಲಿ ಅವಳು ‘ಎರಡು’ ಎಂದು ತುಂಬಿದಳು.

ಊಟಕ್ಕೆ ಇಂದುಬಾಯಿ ನಾಲ್ಕು ತಾಟು ಬಡಿಸಿದಳು.

“ನಾಕನೇದು ಯಾರಿಗ್ರಿ, ಮಾವಶಿ?” ಎಂದಳು ಸಾಯಲಿ.

“ಬರೋ ಕೂಸಿಗ್ರಿ, ಮ್ಯಾಡಂ. ಅಕ್ಕಲಕೋಟದ ಸ್ವಾಮಿಗೆ ಬೇಡಿಕೊಂಡ ದಿನದಿಂದ ಬಡಸ್ತೀನಿ.”

“ಆಮ್ಯಾಲ ನಾನ ತಿಂತೀನ್ರಿ. ಹೊಟ್ಟಿ ನೋಡ್ರಿ!” ಎಂದು ನಿಂಗಣ್ಣ ನಕ್ಕ.

ಉಂಡು, ಮೂವರೂ ಅಂಗಳದಲ್ಲಿ ಕೈತೊಳೆದು ಒಳಬಂದರು. ನಾಲ್ಕನೇ ತಾಟಿನ ರೊಟ್ಟಿಯ ಅಂಚಿನಲ್ಲಿ ಪುಟ್ಟ ಹಲ್ಲುಗಳ ಗುರುತಿತ್ತು.

“ಇದನ್ನೂ ಬರೀತೀರೇನ್ರಿ? ಕೂಸು ಕೊಡೂದಿಲ್ಲೇನ್ರಿ?” ಇಂದುಬಾಯಿ ತಾಟಿಗೆ ಸೆರಗು ಅಡ್ಡ ಹಿಡಿದಳು.

ಸಾಯಲಿ ‘ಎರಡು’ ಹೊಡೆದುಹಾಕಿ ‘ಮೂರು’ ಎಂದು ಬರೆದಳು.

“ಕೂಸು ಬಂದೈತ್ರಿ, ಮಾವಶಿ. ಕಾಗದ ಬರೂದಷ್ಟ ಬಾಕಿ.”