ಅಗಸಿಯ ಗೆರೆ, ಕಲ್ಯಾಣಪ್ಪನವರ ದನಿ

ಇದು ಒಂದು ಕಳವಿನ ಕಥೆ. ಕಳವಾದದ್ದು ಒಬ್ಬ ಹಿರಿಯರ ದನಿ. ಹಾಡುಹಗಲೇ ಕದ್ದರು, ಬಳಸಿದರು, ಹಾಗೇ ಬಿಟ್ಟರು. ಯಾರೂ ಫಿರ್ಯಾದು ಕೊಡಲಿಲ್ಲ. ಯಾಕೆಂದು ಕೇಳಿರಿ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಚಿತ್ತಾಪುರ ತಾಲೂಕಿನಲ್ಲಿ ಕಾಗಿಣಾ ಹೊಳೆಯ ದಂಡೆಗೆ ಒಂದು ಸಣ್ಣ ಊರು. ಮಳೆಗಾಲ ಬಂತೆಂದರೆ ಅಲ್ಲಿಯ ಅಗಸಿಯ, ಅಂದರೆ ಊರಬಾಗಿಲಿನ, ಕಟ್ಟೆಯ ಮೇಲೆ ಒಂದೇ ವಾದ. ಒಂದು ಕಡೆ ಶಾಲೆಯ ಮಾಸ್ತರ ಬಂದೇಅಲಿ. ಹೈದರಾಬಾದಿನಲ್ಲಿ ಕಾಲೇಜು ಓದಿ ಬಂದವರು; ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಹಾಗೇ ತೆಗೆದು ತೋರಿಸುವವರು. ಇನ್ನೊಂದು ಕಡೆ ಕೆಳಗಿನ ಓಣಿಯ ಕಲ್ಯಾಣಪ್ಪನವರು. ಹೊಳೆ ಅವರ ಮನೆಯ ಎದುರಿಗೇ ಇತ್ತು. ಅದರ ಗುಣ ಮಾತ್ರ ಅವರಿಗೆ ಹೊಳೆದಿರಲಿಲ್ಲ.

ಮಾಸ್ತರರು ಅಗಸಿಯ ಗೋಡೆಗೆ ಕೈಮಾಡಿ ಹೇಳುತ್ತಿದ್ದರು: “ಕಾಕಾ, ಈ ತೆಳಗಿನ ಗೆರಿ ನಿಮ್ಮ ಅಪ್ಪನ ಕಾಲದ್ದು. ಮ್ಯಾಲಿಂದು ಮುತ್ಯಾನ ಕಾಲದ್ದು. ಹೊಳಿ ಎಲ್ಲಿತನಕ ಬಂತು ಅಂತ ಹಿರ್ಯಾರು ಕಲ್ಲಿನ್ಯಾಗ ಕೊರದಿಟ್ಟಾರ. ಈ ಊರು ಏನೇನು ಕಂಡದ. ಒಂದು ವರ್ಷ ಆಣಿಕಲ್ಲು ಬಿದ್ದು ಕುರಿ ಸತ್ತವು. ಒಂದು ವರ್ಷ ಗಾಳಿ ಹತ್ತಿ ಜಿನ್ನಿನ ತಗಡು ಎತ್ಕೊಂಡು ಹೋಗಿ ಮಸೀದಿ ಅಂಗಳದಾಗ ಇಳಿಸ್ತು. ನಿಮ್ಮ ಹೊಸ್ತಲ ಆ ಮ್ಯಾಲಿನ ಗೆರಿಗಿಂತ ಭಾಳ ತೆಳಗದ, ನೋಡ್ರಿ.”

“ಅದು ಗೆರಿ ಅಲ್ಲೋ ಮಾಸ್ತರ. ಎಮ್ಮಿ ಮೈ ತಿಕ್ಕಿ ತಿಕ್ಕಿ ಬಿದ್ದ ಕಲಿ.”

“ಅಷ್ಟು ಎತ್ತರದ ಎಮ್ಮಿ ಯಾರ ಮನ್ಯಾಗಿತ್ರಿ?”

“ಮುತ್ಯಾನ ಕಾಲದಾಗ ಎಮ್ಮಿನೂ ಎತ್ತರ ಇದ್ವು.”

ಕಟ್ಟೆ ನಗುತ್ತಿತ್ತು. ಕಲ್ಯಾಣಪ್ಪನವರ ಧೈರ್ಯವೆಲ್ಲ ಹಗೇವಿನದು. ಹಗೇವೆಂದರೆ ಅಂಗಳದಲ್ಲಿ ನೆಲದೊಳಗೆ ತೋಡಿದ ಜೋಳದ ಗುಂಡಿ. ಬಾಯಿಗೆ ಕಲ್ಲು ಮುಚ್ಚಿ ಮಣ್ಣೆಳೆದರೆ ಮುಗಿಯಿತು, ಇದ್ದದ್ದೇ ಗೊತ್ತಾಗದು.

“ಗಲಾಟಿ ವರ್ಷ ಲೂಟಿ ಮಾಡವರು ಇದರ ಮ್ಯಾಲೇ ನಿಂತು ಜೋಳ ಎಲ್ಲದ ಅಂದ್ರು. ಅವರಿಗೇ ಸಿಗಲಿಲ್ಲ, ನೀರಿಗೆ ಸಿಗ್ತದೇನು?”

“ಅವರು ಹುಡುಕ್ಕೋತ ಬಂದಿದ್ರು ಕಾಕಾ. ನೀರು ಹುಡುಕಂಗಿಲ್ಲ. ತೆಳಗ ಎಲ್ಲದ, ಸೀದಾ ಅಲ್ಲಿಗೇ ಹೋಗ್ತದ.”

ಹೋದ ವರ್ಷದ ಮಳೆಗಾಲ. ಕಲ್ಯಾಣಪ್ಪನವರ ಮಗಳು ಗುರುಲಿಂಗಮ್ಮ ಹೆರಿಗೆಗೆ ತವರಿಗೆ ಬಂದಿದ್ದಳು. ಹಿಂದಿನ ಕೋಣೆಯಲ್ಲಿ ಬಾಣಂತಿ, ಮಗ್ಗುಲಲ್ಲಿ ಹಸುಗೂಸು, ಅಂಗಳದ ಕೆಳಗೆ ವರ್ಷದ ಜೋಳ. ಅಂದು ನಸುಕಿನಲ್ಲೇ ಕಲ್ಯಾಣಪ್ಪನವರು ಗಾಡಿ ಕಟ್ಟಿ ಶಹಾಬಾದಿಗೆ ಹೋದರು, ಹಗೇವಿನ ಬಾಯಿಗೆ ಹೊಸ ಫರ್ಸಿ ಕಲ್ಲು ತರಲು.

ಅವರು ಹೋದ ಮೇಲೆ ಊರಿನ ರೈಲು ಸ್ಟೇಷನ್ನಿಗೆ ಸೇಡಮ್ಮಿನಿಂದ ತಂತಿ ಬಂತು. ಚಿಂಚೋಳಿ ಕಡೆ ರಾತ್ರಿಯೆಲ್ಲ ಮಳೆ; ಮೇಲಿನ ಹಳ್ಳಗಳೆಲ್ಲ ತುಂಬಿ ಕಾಗಿಣೆಗೆ ಬೀಳುತ್ತಿವೆ. ಇಲ್ಲಿ ಮಾತ್ರ ಫಳಫಳ ಬಿಸಿಲು. ಮಾಸ್ತರರು ಧೋತರ ಎತ್ತಿಕೊಂಡು ಕೆಳಗಿನ ಓಣಿಗೆ ಓಡಿದರು.

“ಕಾಕಿ, ಹೊಳಿ ಬರ್ಲಾಕತ್ತದ. ಸಂಜೀ ಒಳಗ ಓಣಿ ಖಾಲಿ ಮಾಡ್ಬೇಕು.”

ಕಲ್ಯಾಣಪ್ಪನವರ ಹೆಂಡತಿ ಶಿವಕಾಂತಮ್ಮ ಆಕಾಶ ನೋಡಿದರು. ಒಂದು ಮೋಡವಿರಲಿಲ್ಲ. “ಇಲ್ಲಿ ಹನಿ ಬಿದ್ದಿಲ್ಲಲ್ಲೋ ತಮ್ಮಾ.”

“ಇಲ್ಲಿ ಬೀಳೋದು ಬ್ಯಾಡ ಕಾಕಿ, ಚಿಂಚೋಳ್ಯಾಗ ಬಿದ್ರ ಸಾಕು.”

“ನೀ ಹೇಳಿದ್ದು ಖರೇ ಇರಬೌದು. ಆದ್ರ ಯಜಮಾನ್ರ ಮಾತಿಲ್ದ ಹಗೇವು ತೆಗಿಯಂಗಿಲ್ಲ, ಬಾಣಂತಿ ಹೊಸ್ತಲ ದಾಟಂಗಿಲ್ಲ. ಮತ್ತ ಓಣ್ಯಾಗ ಎಲ್ಲಾರೂ ನಮ್ಮ ಮನೀ ಕಡೀನೇ ನೋಡ್ತಾರ. ನಾ ಏನು ಹೇಳ್ಲಿ?”

ಮಾಸ್ತರರು ಹೊರಬಿದ್ದರು. ಸ್ವಲ್ಪ ಹೊತ್ತಿಗೆ ಹಿತ್ತಲ ಗೋಡೆಯ ಆಚೆ ಯಾರೋ ಕೆಮ್ಮಿದರು. ಒಂದು ಉದ್ದ ಕೆಮ್ಮು, ಒಂದು ಗಿಡ್ಡ ಕೆಮ್ಮು. ಇಡೀ ಊರಿಗೆ ಗೊತ್ತಿದ್ದ ಕಲ್ಯಾಣಪ್ಪನವರ ಕೆಮ್ಮು.

“ಏ ಗುರುಲಿಂಗಿ ಅವ್ವಾ, ದಾರ್ಯಾಗ ಸುದ್ದಿ ಕೇಳಿ ತಿರುಗಿ ಬಂದೀನಿ. ಹೊಳಿ ಬರ್ಲಾಕತ್ತದಂತ. ಬಾಣಂತಿ, ಕೂಸು ಮೊದಲು ದಿಬ್ಬದ ಮ್ಯಾಲಿನ ಸಾಲಿಗೆ ಹೋಗ್ಲಿ. ದನ ಬಿಚ್ಚಿಸು, ಹಗೇವು ತೆಗಸು. ನಾ ಒಳಗ ಬರಂಗಿಲ್ಲ, ಗಾಡಿ ಮುಂದ ಹೋಗ್ಯಾದ. ಮತ್ತ ನೀನೂ ನಾಕು ತುತ್ತು ಉಣ್ಣು.”

ಶಿವಕಾಂತಮ್ಮ ಗೋಡೆಯನ್ನೇ ನೋಡುತ್ತ ನಿಂತರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಣಿಗೆ ಬಂದರು. “ಕೇಳಿದ್ರಲ್ಲ, ಯಜಮಾನ್ರು ಹೇಳ್ಯಾರ. ನಡೀರಿ.”

ಕಲ್ಯಾಣಪ್ಪನವರೇ ಹಗೇವು ತೆಗೆಸುತ್ತಿದ್ದಾರಂತೆ. ಈ ಮಾತು ಓಣಿಯ ತುದಿ ಮುಟ್ಟುವುದೇ ತಡ, ಮನೆಮನೆಯಲ್ಲೂ ಗಂಟುಮೂಟೆ ಎದ್ದವು. ಗುರುಲಿಂಗಮ್ಮ ಕಂಬಳಿ ಹೊದ್ದು, ಕೂಸಿನ ಕಿವಿ ಮುಚ್ಚಿಕೊಂಡು ದಿಬ್ಬದ ಮೇಲಿನ ಶಾಲೆ ಸೇರಿದಳು. ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಇಳಿಯಲಿಲ್ಲ. ಕೆಟ್ಟ ಗಾಳಿ ಹೋಗಲೆಂದು ಬಿಟ್ಟು, ಕಂದೀಲು ಇಳಿಬಿಟ್ಟು, ಅದು ಆರದೇ ಉರಿದದ್ದನ್ನು ನೋಡಿಯೇ ಇಳಿದರು. ಕಡೆಯ ಚೀಲ ದಿಬ್ಬ ಹತ್ತುವಾಗ ಹೊತ್ತು ಇಳಿದಿತ್ತು.

ಅಷ್ಟರಲ್ಲಿ ಶಹಾಬಾದಿನ ಗಾಡಿ ದಿಬ್ಬದ ದಾರಿಯಲ್ಲಿ ಬಂತು. ಶಾಲೆಯ ಪಡಸಾಲೆಯಲ್ಲಿ ತಮ್ಮ ಜೋಳ, ಅದರ ಮಗ್ಗುಲಲ್ಲಿ ತಮ್ಮ ಮಗಳು. ಕಲ್ಯಾಣಪ್ಪನವರ ಮುಖ ಕೆಂಡವಾಯಿತು.

“ಯಾರು ಹೇಳಿದ್ರು ಹಗೇವು ತೆಗೀರಿ ಅಂತ?”

“ನೀವೇ ಹೇಳಿದ್ರಲ್ರೀ,” ಎಂದಿತು ಇಡೀ ಓಣಿ.

“ನಾನೇ?”

ಹೊಳೆಯ ಕಡೆಯಿಂದ ರೈಲು ಬಂದ ಹಾಗೆ ಸದ್ದು ಬಂತು. ಕೆಂಪು ನೀರು ಮೊದಲು ದಂಡೆ ನುಂಗಿತು, ಆಮೇಲೆ ಓಣಿ ನುಂಗಿತು. ತೆರೆದ ಹಗೇವು ಗಟಗಟನೆ ಕುಡಿಯಿತು. ಬಾಣಂತಿ ಕೋಣೆಯ ಮಣ್ಣಿನ ಗೋಡೆ ನೋಡನೋಡುತ್ತ ಕುಸಿಯಿತು. ಕಲ್ಯಾಣಪ್ಪನವರು ಮೊಮ್ಮಗನನ್ನು ಎತ್ತಿಕೊಂಡು ನಿಂತರು.

ನೀರು ಇಳಿದ ಮೇಲೆ ನೋಡಿದರೆ, ಅಗಸಿಯಲ್ಲಿ ಕೆಸರು ಮೇಲಿನ ಗೆರೆಯನ್ನೂ ದಾಟಿತ್ತು. ಶಹಾಬಾದಿನಿಂದ ಬಂದ ಫರ್ಸಿ ಹಗೇವಿಗೆ ಹೋಗಲಿಲ್ಲ. ಕಲ್ಯಾಣಪ್ಪನವರು ಅದನ್ನು ಅಗಸಿಯ ಮಗ್ಗುಲಿಗೆ ನಿಲ್ಲಿಸಿ, ಹೊಸ ನೀರಿನ ಗೆರೆ ಕೊರೆಸಿದರು. ಉಳಿಯ ಸದ್ದು ನಿಂತ ಹೊತ್ತಿಗೆ ಕಟ್ಟೆಯ ಹಿಂದಿನಿಂದ ಕೆಮ್ಮು ಬಂತು. ಒಂದು ಉದ್ದ, ಒಂದು ಗಿಡ್ಡ. ಕಲ್ಯಾಣಪ್ಪನವರು ತಿರುಗಿದರೆ ಮಾಸ್ತರರು ಕೈಮುಗಿದು ನಿಂತಿದ್ದರು.

“ತಪ್ಪಾಯ್ತು ಕಾಕಾ. ಅವತ್ತು ನಿಮ್ಮ ದನಿ ಕಡಾ ತಗೊಂಡಿದ್ದೆ.”

ಕಲ್ಯಾಣಪ್ಪನವರು ಹೆಂಡತಿಯ ಕಡೆ ನೋಡಿದರು. “ನನ್ನ ದನಿ ಯಾವ್ದು, ಇವನ ದನಿ ಯಾವ್ದು, ನಿನಗ ಗೊತ್ತಾಗ್ಲಿಲ್ಲೇನು?”

“ಆಗ್ಲೇ ಗೊತ್ತಾಗಿತ್ರಿ. ಮದಿವ್ಯಾಗಿ ಇಷ್ಟು ವರ್ಷಾದ್ರೂ ನೀವು ನನಗ ಉಣ್ಣು ಅಂತ ಅಂದವರಲ್ಲ.”

“ಮತ್ತ ಹಗೇವು ಯಾಕ ತೆಗಿಸಿದಿ?”

“ಕೂಸಿತ್ತಲ್ರೀ ಮನ್ಯಾಗ. ನಿಮ್ಮ ಹೆಸರಿಲೆ ಒಂದು ಮಾತು ಬೇಕಾಗಿತ್ತು. ಗೋಡಿ ಆ ಕಡಿಂದ ಬಂತು. ದನಿ ನಿಮ್ಮದೇ ಇತ್ತು, ಆದ್ರ ಅವತ್ತು ಭಾಳ ಶಾಣ್ಯಾತನದ ಮಾತಾಡ್ತು.”

ಕಲ್ಯಾಣಪ್ಪನವರ ಮೀಸೆ ಅದುರಿತು, ಹೊಟ್ಟೆ ಅದುರಿತು, ಆಮೇಲೆ ಅಗಸಿಯೇ ಅದುರುವ ಹಾಗೆ ನಕ್ಕರು.

ಬಂಧುಗಳೇ, ಮಳೆಗಾಲ ಬಾಗಿಲಿಗೆ ಬಂದಿದೆ. ನಿಮ್ಮ ಊರಲ್ಲಿ ಹಳೆಯ ನೀರು ಎಲ್ಲಿತನಕ ಬಂದಿತ್ತು, ಹಿರಿಯರನ್ನು ಇಂದೇ ಕೇಳಿರಿ. ನಿಮ್ಮ ತಲೆಯ ಮೇಲಿನ ಆಕಾಶವನ್ನಷ್ಟೇ ನಂಬಬೇಡಿರಿ; ಮೇಲಿನ ಊರಿನ ಮಳೆಯ ಸುದ್ದಿ ಇಟ್ಟುಕೊಳ್ಳಿರಿ. ತಗ್ಗಿನ ಹಗೇವಿನ ಕಾಳು ಮೊದಲೇ ಎತ್ತರಕ್ಕೆ ಸಾಗಿಸಿರಿ. ಹೊಳೆ ಬರುವ ಸುದ್ದಿ ಬಂದರೆ ಬಾಣಂತಿಯರು, ಕೂಸುಗಳು, ಮುದುಕರು ಮೊದಲು. ನೀರು ಬಂದ ಮೇಲೆ ಒಂದು ಚೀಲಕ್ಕಾಗಿಯೂ ತಿರುಗಿ ಇಳಿಯಬೇಡಿರಿ. ಮನೆಯ ಹೆಣ್ಣುಮಕ್ಕಳೇ, ಹೊರಡಲು ಯಜಮಾನರ ದನಿಗಾಗಿ ಕಾಯಬೇಡಿರಿ. ಎಲ್ಲ ಊರಿಗೂ ಒಬ್ಬ ಬಂದೇಅಲಿ ಮಾಸ್ತರ ಇರುವುದಿಲ್ಲ.

ಈಗ ಆ ಊರಿನಲ್ಲಿ ಮೇಲೆ ಮಳೆಯಾದ ಸುದ್ದಿ ಬಂದರೆ ಓಣಿ ಓಣಿ ಕೂಗುತ್ತ ಹೋಗುವವರು ಕಲ್ಯಾಣಪ್ಪನವರೇ. ಮೊನ್ನೆ ಅವರು ಕೆಮ್ಮಿ ದನಿ ತೆಗೆದರೆ, ಒಳಗಿನಿಂದ ಯಾರೋ ಕೇಳಿದರಂತೆ: “ಖರೇ ಕಲ್ಯಾಣಪ್ಪನೋ, ಮಾಸ್ತರನೋ?”

“ಯಾರರೇ ಇರ್ಲಿ, ಮೊದಲು ದಿಬ್ಬ ಹತ್ತರಿ,” ಎಂದರು ಅವರು. ಓಣಿಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ಕೇಳಿಸಿದ ನಗೆ ಅವರದೇ.