ಬಾತುಕೋಳಿಯ ರಕ್ತಪರೀಕ್ಷೆ

ಕಾಲುವೆಯ ಕಳೆ ಕೀಳುವವನನ್ನು ಎಲ್ಲರೂ ಬಾತುಕೋಳಿ ಎಂದೇ ಕರೆಯುತ್ತಿದ್ದರು. ಹೊತ್ತು ಹುಟ್ಟಿದರೆ ಮೊಣಕಾಲ ಮಟ್ಟದ ನೀರಿನಲ್ಲಿರುತ್ತಿದ್ದವನು ಇವತ್ತು ಪ್ರಯೋಗಾಲಯದ ಬಾಗಿಲಲ್ಲಿ ಮುಖ ಒಣಗಿಸಿಕೊಂಡು ನಿಂತಿದ್ದ. ಆ ನೀರಿನಿಂದಲೇ ಮೈಯೊಳಗೆ ಸೇರುವ ಹುಳುವಿಗೆ ಅವನು ಮಾತ್ರೆ ತೆಗೆದುಕೊಂಡಿದ್ದ.

“ಅಕ್ಕಾ, ಒಂದು ಮಾತ್ರೆನೂ ಬಿಟ್ಟಿಲ್ಲ. ಹೆಂಡತಿ ಎದುರಿಗೇ ನಿಂತು ನುಂಗಿಸಿದಾಳೆ.”

ಹಿಂದೆಯೇ ಕಾಲುವೆ ಕೆಲಸದ ಮೇಸ್ತ್ರಿ ಬಂದ, ಕೈಯಲ್ಲಿ ಅವನ ರಕ್ತಪರೀಕ್ಷೆಯ ಎರಡು ಚೀಟಿ. “ಮಾತ್ರೆಗೆ ಮುಂಚೆ ಇಷ್ಟು, ಮೂರು ತಿಂಗಳಾದ ಮೇಲೆ ಅದರ ಎರಡರಷ್ಟು. ಹುಳ ಸತ್ತಿದ್ರೆ ಏರುತ್ತೇನಮ್ಮ? ನುಂಗದೆ ಎಸೆದಿದಾನೆ. ಕಾಲುವೆಗೆಲ್ಲ ಹರಡಿದ್ರೆ ನನ್ನ ತಲೆ ಹೋಗುತ್ತೆ. ನಾಳೆಯಿಂದ ಇವನು ಕೆಲಸಕ್ಕೆ ಬೇಡ.”

ರಕ್ತ ಪರೀಕ್ಷಿಸುವ ಅಕ್ಕ ಕುರ್ಚಿ ತಿರುಗಿಸಿದಳು.

“ಇದು ಹುಳ ಎಣಿಸೋ ಪರೀಕ್ಷೆ ಅಲ್ಲ ಮೇಸ್ತ್ರಿ. ಹುಳದ ಮೈಮೇಲಿರೋ ಪ್ರೋಟೀನನ್ನ ಇವನ ರಕ್ತ ಗುರುತು ಹಿಡಿಯುತ್ತಾ ಅಂತ ನೋಡೋದು. ಹುಳ ಅನ್ನೋ ಆ ಕಳ್ಳ ಬದುಕಿರೋವರೆಗೂ ಮುಸುಕು ಹಾಕ್ಕೊಂಡಿರ್ತಾನೆ. ಮಾತ್ರೆ ಬಿದ್ದಾಗ ಮುಸುಕು ಹರಿಯುತ್ತೆ, ದೇಹ ಆಗ ಅವನ ಮುಖ ಸರಿಯಾಗಿ ನೋಡುತ್ತೆ. ಅದಕ್ಕೇ ಚೀಟಿಯ ಲೆಕ್ಕ ಏರಿದೆ. ಮಲದಲ್ಲಿ ಮೊಟ್ಟೆ ಒಂದೂ ಇಲ್ಲ, ಮೂರು ಸಲ ನೋಡಿದೀನಿ.”

“ಪುಸ್ತಕದ ಬದನೆಕಾಯಿ.”

“ನೀವೂ ಮೊದಲು ನೀರಿಗೆ ಇಳೀತಿದ್ರಲ್ಲ?”

“ಅದೆಲ್ಲ ಹಳೇ ಕಥೆ. ನನಗೂ ಬಂದಿತ್ತು, ಮಾತ್ರೆ ನುಂಗಿ ವಾಸಿಯಾಯ್ತು. ಈಗ ಗುಂಡುಕಲ್ಲಿನ ಹಾಗಿದೀನಿ.”

“ಹಾಗಾದ್ರೆ ತೋಳು ಕೊಡಿ. ಈ ಡಬ್ಬಿನೂ ತಗೊಳ್ಳಿ, ನಾಳೆ ಬೆಳಿಗ್ಗೆ ತುಂಬಿಸಿ ತನ್ನಿ.”

ಬಾತುಕೋಳಿ ನಗು ತಡೆಯಲು ಗೋಡೆ ನೋಡಿದ.

ಎರಡು ದಿನದ ಮೇಲೆ ಅಕ್ಕ ಇಬ್ಬರನ್ನೂ ಕರೆಸಿ, ಸಣ್ಣ ಸಣ್ಣ ಗುಳಿಗಳಿದ್ದ ಪ್ಲಾಸ್ಟಿಕ್ ತಟ್ಟೆಯನ್ನು ಬೆಳಕಿಗೆ ಹಿಡಿದಳು. “ಹುಳದ ಗುರುತು ಹಿಡಿಯೋ ರಕ್ತ ಬಿದ್ದ ಗುಳಿ ಹಳದಿಯಾಗುತ್ತೆ,” ಎಂದಳು. ಕಾಲುವೆಗೆ ಕಾಲಿಡದ ಅವಳದೇ ರಕ್ತ ಹಾಕಿದ ಗುಳಿ ನೀರಿನಂತೆ ತಿಳಿ. ಬಾತುಕೋಳಿಯದು ಕಡು ಹಳದಿ. ಮೇಸ್ತ್ರಿಯದೂ ಹಳದಿಯೇ, ಒಂದು ಛಾಯೆ ಕಡಿಮೆ. ಮೇಸ್ತ್ರಿ ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿ ನೋಡಿದ.

“ನನ್ನೊಳಗೆ ಹುಳ ಇದೆಯೇನಮ್ಮ?” ಧ್ವನಿ ಇಳಿದಿತ್ತು.

“ಇಲ್ಲ. ನಿಮ್ಮ ಡಬ್ಬಿನೂ ನೋಡಿದೆ, ಏನೂ ಇಲ್ಲ. ರಕ್ತ ಇನ್ನೂ ಮರೆತಿಲ್ಲ, ಅಷ್ಟೇ. ಈ ಹಳದಿ ನೋಡಿ ಮನೆಗೆ ಕಳಿಸೋದಾದ್ರೆ ಇಬ್ಬರನ್ನೂ ಕಳಿಸಬೇಕು.”

ಮೇಸ್ತ್ರಿ ತುಸು ಹೊತ್ತು ತನ್ನ ಮೊಣಕೈ ಉಜ್ಜಿಕೊಂಡ.

“ಮೂರನೇ ತೂಬಿನ ಹತ್ರ ಕಳೆ ಆಳೆತ್ತರ ಬೆಳೆದಿದೆ ಕಣೋ,” ಎಂದ. “ಬೆಳಿಗ್ಗೆ ಬೇಗ ಬಾ. ಅದಕ್ಕೂ ಮುಂಚೆ ಸ್ಟೋರಿಗೆ ಹೋಗಿ ತೊಡೆವರೆಗೆ ಬರೋ ರಬ್ಬರ್ ಬೂಟು ಇಸ್ಕೊ. ಕೊಡಲ್ಲ ಅಂದ್ರೆ ನನ್ನ ಹೆಸರು ಹೇಳು.”

ಬಾತುಕೋಳಿ ತಲೆಯಾಡಿಸಿದ. ಸೀದಾ ಸ್ಟೋರಿನ ಕಡೆ ಹೊರಟ.